ಕಪ್ಪು ಹಕ್ಕಳೆ

ಕಟಕಟ... ಕಟಕಟ...

ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಆ ಸಣ್ಣ ಸದ್ದು ಕೇಳಿ ಡಾಕ್ಟರ್ ಸಿಗ್ರಿಡ್ ತಲೆಯೆತ್ತಿದಳು. ಪರದೆಯ ಆಚೆ ಯಾರದೋ ಹಲ್ಲು ಚಳಿಜ್ವರಕ್ಕೆ ಬಡಿದುಕೊಳ್ಳುತ್ತಿತ್ತು.

ಪರದೆ ಸರಿಸಿದಳು.

ಅರ್ವಿಡ್!

ಮಿನ್ನೆಸೋಟದ ಡುಲೂತ್ ಊರಿನ ಬಡಗಿ ಅರ್ವಿಡ್. ಆಗಸ್ಟಿನಲ್ಲಿ ಅವಳನ್ನು ಮದುವೆಯಾಗಬೇಕಿದ್ದವನು. ಚರ್ಚಿನ ತಂಡದೊಂದಿಗೆ ದಕ್ಷಿಣ ಆಫ್ರಿಕಾದ ಹಳ್ಳಿಶಾಲೆಯೊಂದಕ್ಕೆ ಚಾವಣಿ ಹೊದಿಸಲು ಹೋಗಿ, ಅದೇ ವಾರ ಮರಳಿದ್ದ. ಬಂದಾಗಿನಿಂದ ಸುಸ್ತು ಎಂದು ಭೇಟಿ ಮುಂದೂಡುತ್ತಲೇ ಇದ್ದ.

"ಇವತ್ತು ನಿನ್ನ ಪಾಳಿ ಅಂತ ಗೊತ್ತಿರ್ಲಿಲ್ಲ," ಎಂದು ಮುಖ ತಿರುಗಿಸಿದ.

ಅವಳಿಗೆ ಮೊದಲು ಚುಚ್ಚಿದ್ದು ಅದೇ. ಗೊತ್ತಿದ್ದರೆ ಬರುತ್ತಿರಲಿಲ್ಲವೇ?

ಬೇರೆ ಡಾಕ್ಟರ್ ಯಾರೂ ಇರಲಿಲ್ಲ. ಎಲ್ಲಿ ನೋವು ಎಂದು ಕೇಳಿದಳು. ಅವನು ಬಹಳ ಹೊತ್ತು ತಡವರಿಸಿ, ಕಿವಿಯವರೆಗೂ ಕೆಂಪಾಗಿ, ತೊಡೆಸಂದಿ ತೋರಿಸಿದ. ಅಲ್ಲಿನ ಗಂಟುಗಳು ಊದಿದ್ದವು. ಪಕ್ಕದಲ್ಲೊಂದು ಹುಣ್ಣು. ನಡುವೆ ಸುಟ್ಟಂತೆ ಕಪ್ಪು ಹಕ್ಕಳೆ.



ಉಣ್ಣಿ ಕಚ್ಚಿತ್ತೇ ಎಂದು ಕೇಳಿದಳು. ಮಿನ್ನೆಸೋಟದ ಯಾವ ಡಾಕ್ಟರೂ ಕೇಳುವ ಪ್ರಶ್ನೆ ಅದು. ಊರಿನಲ್ಲಿ ಮಾಡುವ ಹಾಗೆ ಪ್ರತಿದಿನವೂ ಮೈ ನೋಡಿಕೊಂಡೆ, ಒಂದೂ ಇರಲಿಲ್ಲ ಎಂದ. ಇಲ್ಲಿಯ ಉಣ್ಣಿ ಬಿಡುವ ಗುರುತು ಹರಡುತ್ತ ಹೋಗುವ ಕೆಂಪು ಬಳೆ. ಅವಳು ಕಂಡಿದ್ದೂ ಅದನ್ನೇ, ಹುಡುಕಿದ್ದೂ ಅದನ್ನೇ. ಕಪ್ಪು ಹಕ್ಕಳೆ ಅವಳಿಗೆ ಬೇರೇನನ್ನೋ ಹೇಳಿತು.

"ಅಲ್ಲಿ ಯಾರ ಜೊತೆಗಾದ್ರೂ ಮಲಗಿದ್ಯಾ?"

ಡಾಕ್ಟರ್ ಎಲ್ಲರಿಗೂ ಕೇಳುವ ಪ್ರಶ್ನೆಯೇ. ಆದರೆ ಆ ದನಿ ಡಾಕ್ಟರದ್ದಾಗಿರಲಿಲ್ಲ.

ಅರ್ವಿಡ್ ಅವಳನ್ನೇ ನೋಡಿದ. "ಇಲ್ಲ," ಎಂದ. ಅಷ್ಟೇ.

ಲೈಂಗಿಕ ಸೋಂಕು ಎಂದುಕೊಂಡು ಅವಳು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟಳು. ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆರಂಭದಲ್ಲಿ ಸಿಗದಿರುವುದೂ ಉಂಟು ಎಂದು ತನಗೆ ತಾನೇ ಹೇಳಿಕೊಂಡಳು. ಮಾತ್ರೆಗೆ ಜ್ವರ ಬೇಗನೆ ಇಳಿಯಿತು. ಅದೂ ಅವನ ವಿರುದ್ಧದ ಸಾಕ್ಷಿಯಾಯಿತು!

ಮದುವೆ ಬೇಡವೆಂದು ಫೋನಿನಲ್ಲೇ ತಿಳಿಸಿದಳು. ಅವನು ವಾದಿಸಲಿಲ್ಲ.

'ತಪ್ಪಿಲ್ಲದಿದ್ದರೆ ಇಷ್ಟು ಸುಮ್ಮನಿರುತ್ತಿದ್ದನೇ...'

ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಅವನೇನು ಮಾಡಿದ ಎಂದು ಅಮ್ಮ ಕೇಳಿದಾಗ, ಏನೂ ಮಾಡಲಿಲ್ಲ ಎಂದೂ ಹೇಳಲಿಲ್ಲ.

ಮುಂದಿನ ವಾರ ಲೆಂಪಿ ಬಂದಳು. ಚರ್ಚಿನಲ್ಲಿ ಆರ್ಗನ್ ನುಡಿಸುವ ಎಪ್ಪತ್ತು ದಾಟಿದ ಮುದುಕಿ. ಅವಳೂ ಅದೇ ತಂಡದೊಂದಿಗೆ ಹೋಗಿ ಬಂದವಳು. ತಲೆನೋವು, ಜ್ವರ. ಮಗಳ ಕಾಟಕ್ಕೆ ಬಂದೆ, ಇದಕ್ಕೆಲ್ಲ ಡಾಕ್ಟರ್ ಯಾಕೆ ಎಂದು ಗೊಣಗುತ್ತಲೇ ಇದ್ದಳು.

ಕೈಕಾಲು, ಬೆನ್ನು ಎಲ್ಲ ನೋಡಬೇಕೆಂದಾಗ ಲೆಂಪಿ ಸ್ಕರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಡೆಗೆ ಕಣ್ಣು ಮುಚ್ಚಿಕೊಂಡು ಕೈ ಸಡಿಲಿಸಿದಳು.

ಮಂಡಿಯ ಹಿಂದೆ ಒಂದು ಕಪ್ಪು ಹಕ್ಕಳೆ. ಸೊಂಟದ ಎಲಾಸ್ಟಿಕ್ ಅಂಚಿನಲ್ಲಿ ಇನ್ನೊಂದು.

ಸಿಗ್ರಿಡ್ ದೀಪವನ್ನು ಹತ್ತಿರ ಎಳೆದುಕೊಂಡಳು.

"ಲೆಂಪಿ... ತಂಡದಲ್ಲಿ ಬೇರೆ ಯಾರಿಗಾದ್ರೂ ಹೀಗಾಗಿದೆಯಾ?"

"ಯಾರಿಗೆ ಗೊತ್ತು ಮಗಳೇ. ನಾವೇನು ಬಟ್ಟೆ ಎತ್ತಿ ತೋರಿಸಿಕೊಳ್ಳೋ ಜನಾನಾ?" ಎಂದವಳು ತುಸು ಯೋಚಿಸಿದಳು. "ನಮ್ಮ ಜೊತೆ ಬಂದಿದ್ದ ಪಾಸ್ಟರ್ ಮಾತ್ರ ಊರಿಗೆ ಬಂದಾಗಿಂದ ಕುರ್ಚಿ ಮೇಲೆ ಕೂತಿಲ್ಲ. ಭಕ್ತಿ ಜಾಸ್ತಿಯಾಗಿದೆ ಅಂದ್ಕೊಂಡಿದ್ದೆ."

ಬೇರೆ ದಿನವಾಗಿದ್ದರೆ ಸಿಗ್ರಿಡ್ ನಕ್ಕುಬಿಡುತ್ತಿದ್ದಳು.

ದಕ್ಷಿಣ ಆಫ್ರಿಕಾದ ಹುಲ್ಲಿನಲ್ಲಿ ನಡೆದು ಬಂದವರು. ಒಟ್ಟಿಗೆ ಹೋದ ಹಲವರಿಗೆ ಒಟ್ಟಿಗೇ ಜ್ವರ. ಕಚ್ಚಿದಲ್ಲೆಲ್ಲ ಕಪ್ಪು ಹಕ್ಕಳೆ. ಅಲ್ಲಿಯ ಉಣ್ಣಿಯಿಂದ ಬರುವ ಬ್ಯಾಕ್ಟೀರಿಯಾ ಜ್ವರ... ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು ಕೂಡ. ಉಣ್ಣಿ ಕಣ್ಣಿಗೆ ಬೀಳಲೇಬೇಕೆಂದಿಲ್ಲ. ಅದಕ್ಕೂ ಮದ್ದು ಅದೇ ಡಾಕ್ಸಿಸೈಕ್ಲಿನ್.

ಜೊತೆಯವರಿಗೂ ಜ್ವರವಿದೆಯೇ ಎಂಬ ಒಂದು ಮಾತನ್ನು ಆ ರಾತ್ರಿ ಕೇಳಲಿಲ್ಲ. ತನ್ನನ್ನೇ ಸುಡುತ್ತಿದ್ದ ಇನ್ನೊಂದು ಪ್ರಶ್ನೆಯನ್ನು ಕೇಳಿದ್ದಳು.

ಹಕ್ಕಳೆಯ ಅಡಿಯಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದಳು. ತಂಡದ ಎಲ್ಲರನ್ನೂ ಕರೆಸಿದಳು. ಒಬ್ಬೊಬ್ಬರೇ ತಲೆತಗ್ಗಿಸಿ ಬಂದರು. ಮುಚ್ಚಿಟ್ಟ ಜಾಗದಲ್ಲಿ ಮುಚ್ಚಿಟ್ಟ ಅದೇ ಗುರುತು. ಪಕ್ಕದವರಿಗೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಪ್ರಯೋಗಾಲಯದ ಉತ್ತರವೂ ಬಂತು: ಆಫ್ರಿಕಾದ ಉಣ್ಣಿಜ್ವರವೇ.

ಅಂದು ಸಂಜೆ ಅವಳು ಅರ್ವಿಡ್‌ನ ಕೆಲಸದ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಏಪ್ರಿಲ್ ಬಂದರೂ ಸರೋವರದ ಅಂಚಿನಲ್ಲಿ ಹಿಮ ಕರಗಿರಲಿಲ್ಲ. ಅವಳ ಮುಖ ಮಾತ್ರ ಉರಿಯುತ್ತಿತ್ತು.

ಎಲ್ಲವನ್ನೂ ಹೇಳಿದಳು. ಯಾವ ರೋಗ, ಹೇಗೆ ಬಂತು, ತಾನು ಏನೆಂದುಕೊಂಡೆ... ಕೊನೆಯದನ್ನು ಹೇಳುವಾಗ ನೆಲ ನೋಡುತ್ತಿದ್ದಳು. ಅವನು ಮರಕ್ಕೆ ಮರಳುಕಾಗದ ಉಜ್ಜುತ್ತಲೇ ಕೇಳಿಸಿಕೊಂಡ.

"ನೀನು ಕೇಳಿದ್ದು ತಪ್ಪಲ್ಲ, ಸಿಗ್ರಿಡ್. ಡಾಕ್ಟರ್ ಕೇಳಲೇಬೇಕು." ಕೈ ನಿಲ್ಲಿಸಿದ. "ಇಲ್ಲ ಅಂದೆನಲ್ಲ... ಅದನ್ನ ನಂಬಲಿಲ್ಲ ನೀನು."



"ಆವತ್ತು ಮುಖ ಯಾಕೆ ತಿರುಗಿಸಿದೆ?" ಎಂದಳು, ಬಹಳ ಮೆಲ್ಲಗೆ.

"ನಾಚಿಕೆ. ಮದುವೆಗೆ ಮೊದಲು ನಿನ್ನ ಮುಂದೆ ಹಾಗೆ ಮಲಗಬೇಕಾಯ್ತಲ್ಲ, ಸಂತೆಗೆ ತಂದ ಕರು ಥರ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಳುವೇ ಗೆದ್ದಿತು.

"ಎಲ್ಲರಿಗೂ ಹೇಳ್ತೀನಿ. ಅಮ್ಮನಿಗೆ, ಪಾಸ್ಟರ್‌ಗೆ... ನಾನು ನಿನ್ನ ಬಗ್ಗೆ ಏನು ಅಂದ್ಕೊಂಡೆ ಅನ್ನೋದನ್ನೂ."

"ಹೇಳಿದ್ರೆ ನಿನ್ನ ಎದೆ ಹಗುರಾಗುತ್ತೆ. ನಂದು ಆಗಲ್ಲ."

ಹೇಳಿದರೆ ಆ ಸಂಶಯ ಅವನ ಹೆಸರಿಗೇ ಅಂಟಿಕೊಳ್ಳುತ್ತದೆ ಎಂದು ಅವಳಿಗೆ ಆಗ ಹೊಳೆಯಿತು.

"ನಾನು ಇನ್ನೂ ನಿನಗೆ..." ಮುಂದಕ್ಕೆ ಕೇಳಲಾಗಲಿಲ್ಲ.

"ಬೇಕು. ಕೋಪಾನೂ ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ," ಎಂದು ಅವನು ಇನ್ನೊಂದು ಸ್ಟೂಲನ್ನು ಅವಳತ್ತ ಸರಿಸಿದ. "ಇಲ್ಲೇ ಕೂತು ನೋಡು."

ಅವಳು ಕುಳಿತಳು. ಮರದ ಪುಡಿ ಮೆತ್ತಿದ ಅವನ ಬೆರಳುಗಳು ನಿಧಾನವಾಗಿ ಅವಳ ಬೆರಳನ್ನು ಹುಡುಕಿಕೊಂಡವು.

ಅಮ್ಮ ಕೇಳುತ್ತಾಳೆ. ಅರ್ವಿಡ್ ಯಾವ ತಪ್ಪನ್ನೂ ಮಾಡಲಿಲ್ಲ, ತಪ್ಪು ನನ್ನದೇ ಎಂದು ಅಮ್ಮನಿಗೆ ಇಂದೇ ಹೇಳಬೇಕು. ಎಂಥ ತಪ್ಪು ಎಂದು ಕೇಳಿದರೆ? ಅವನನ್ನು ಸಂಶಯಿಸಿದ ಆ ಕಹಿಯನ್ನು ತಾನೊಬ್ಬಳೇ ನುಂಗಬೇಕು. ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಸಿಗ್ರಿಡ್ ಅಲ್ಲಿಯೇ, ಅವನ ಕೈ ಬಿಡದೆ, ನಿರ್ಧರಿಸಿದಳು.