ಯಾವ ಮಾತು ಸುಳ್ಳು?

“ಸುಳ್ಳು! ಪೂರಾ ಸುಳ್ಳು ಟೀಚರ್!”

ರೇಣುಕಾ ಬೆಂಚು ಗುದ್ದಿ ಎದ್ದು ನಿಂತಳು. ಶನಿವಾರದ ಕತೆ ಪಿರಿಯಡ್. ಸೌಂದರ್ಯಾ ಆಗಷ್ಟೇ ಕತೆ ಮುಗಿಸಿದ್ದಳು: “ಅವ್ವ ಸತ್ತಾಳಂತ ಫೋನ್ ಬಂತು. ಆದ್ರೂ ಮಗ ಕೆಲಸ ಬಿಡಲಿಲ್ಲ. ಅಂವ ಊರು ಮುಟ್ಟೂದ್ರಾಗ ಮಣ್ಣು ಮುಗಿದಿತ್ತು!”

ಹೆಸರು ಹೇಳದಿದ್ದರೂ ಎಲ್ಲರ ಕಣ್ಣು ರೇಣುಕಾಳ ಮೇಲೆಯೇ ಬಿತ್ತು.

“ಥೂ, ಎಂಥಾ ಮಗ!” ಹಿಂದಿನಿಂದ ಮಹೇಶಕುಮಾರ ಅಂದ.

“ಯಾವ ಮಾತು ಸುಳ್ಳವ್ವಾ?” ಗೋದಾವರಿ ಟೀಚರ್ ಕೇಳಿದರು.

ರೇಣುಕಾ ಬಾಯಿ ತೆರೆದಳು. ಫೋನ್ ಬಂದದ್ದು ನಿಜ. ಅಪ್ಪ ಕೆಲಸ ಬಿಡದಿದ್ದದ್ದೂ ನಿಜ. ಸೌಂದರ್ಯಾಳನ್ನು ಗೆಳತಿಯೆಂದು ನಂಬಿ, ಊಟದ ಹೊತ್ತಿನಲ್ಲಿ ತಾನೇ ಹೇಳಿದ ಮಾತುಗಳವು. ಒಂದೂ ಸುಳ್ಳಲ್ಲ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಸಾಫ್ಟ್‌ವೇರ್ ಕಂಪನಿಯ ಹೊಸ ಕಟ್ಟಡದ ಬದಿಯಲ್ಲಿ ಕೂಲಿಯವರ ತಗಡಿನ ಮನೆಗಳು. ಅವುಗಳಲ್ಲೊಂದರ ಮುಂದೆ ರೇಣುಕಾಳ ಅಪ್ಪ ಹುಲಗೇಶ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ರೇಣುಕಾ ಚೀಲ ಬಿಸಾಡಿದಳು.

“ನಿಮ್ಮವ್ವ, ನಮ್ಮ ಆಯಿ ಸತ್ತಾಗ ನೀ ಯಾಕ ಲಗೂನ ಹೋಗ್ಲಿಲ್ಲ?”

“ಏ ಹುಡುಗಿ!” ಒಲೆಯ ಮುಂದಿನಿಂದ ಅವ್ವ ಗದರಿದಳು.

“ಕೇಳಲಿ ಬಿಡು,” ಅಂದ ಅಪ್ಪ. “ಅವತ್ತು ಸ್ಲ್ಯಾಬ್ ಇತ್ತವ್ವಾ. ಅರ್ಧಾ ಕಾಂಕ್ರೀಟ್ ಹಾಕಿದ್ವಿ. ನಡುವ ನಿಲ್ಲಿಸಿದ್ರ ಹಳೇದಕ್ಕ ಹೊಸದು ಕೂಡೂದಿಲ್ಲ, ಮುಂದ ಬಿರುಕು ಬಿಡತೈತಿ. ಕೈಯಿಂದ ಕೈಗೆ ದಾಟಿಸೋ ಸಾಲಿನ್ಯಾಗ ಒಬ್ಬ ಸರಿದ್ರ ಬುಟ್ಟಿ ನಿಲ್ತಾವ. ಬೇರೆ ಆಳು ಕೊಡ್ರಿ ಅಂದೆ. ಸಿಗಲಿಲ್ಲ.”

“ನೀ ಅಳಲೂ ಇಲ್ಲೇನು?”

ಅಪ್ಪ ಅಂಗೈ ನೋಡಿಕೊಂಡ. “ಸಿಮೆಂಟಿನ ಕೈಲೆ ಕಣ್ಣು ಒರಸ್ಕೊಳ್ಳಾಕ ಬರೂದಿಲ್ಲ, ಉರೀತಾವ. ಬಾಜೂ ನಿಂತ ಸಾಬಣ್ಣ ನನ್ನ ಕಣ್ಣು ತನ್ನ ತೋಳಿಲೆ ಒರಸ್ತಿದ್ದ. ಶಿವ ಅಂತ ಬುಟ್ಟಿ ದಾಟಿಸಿದೆ.”

ರೇಣುಕಾ ಬಿಸಾಡಿದ ಚೀಲವನ್ನು ಎತ್ತಿಟ್ಟಳು.

ಸೋಮವಾರ ಅವಳೇ ಕೇಳಿಕೊಂಡು ಕ್ಲಾಸಿನ ಮುಂದೆ ನಿಂತಳು.

“ನಮ್ಮಪ್ಪ ಭಾಳ ಒಳ್ಳೇವ! ಸೌಂದರ್ಯಾನೇ ಕೆಟ್ಟಾಕಿ!” ಎಂದು ಕೂಗಿದಳು.

ಯಾರೋ ಕಿಸಕ್ಕನೆ ನಕ್ಕರು. ಮಹೇಶಕುಮಾರ ಆಕಳಿಸಿದ. ಅವನ ಬೆನ್ನಿಗೊಂದು ಗುದ್ದು ಹಾಕಬೇಕೆನಿಸಿತು. ಹಲ್ಲು ಕಚ್ಚಿ ನಿಂತಳು. ಆಮೇಲೆ ಮೆಲ್ಲಗೆ ಅಂದಳು:

“ಸಿಮೆಂಟಿನ ಕೈಲೆ ಕಣ್ಣು ಒರಸ್ಕೊಳ್ಳಾಕ ಬರೂದಿಲ್ಲ.”

ಮಹೇಶಕುಮಾರ ತೆರೆದ ಬಾಯಿ ಮುಚ್ಚಿದ.

ಸ್ಲ್ಯಾಬು, ಸಾಲು, ಸಾಬಣ್ಣನ ತೋಳು, ಎಲ್ಲ ಹೇಳಿದಳು. ಅಪ್ಪ ಊರು ಮುಟ್ಟುವುದರೊಳಗೆ ಮಣ್ಣು ಮುಗಿದದ್ದನ್ನೂ ಮುಚ್ಚಿಡಲಿಲ್ಲ. ಈ ಸಲ ಯಾರೂ ಥೂ ಅನ್ನಲಿಲ್ಲ.

ಅವಳು ಬಂದು ಕುಳಿತಾಗ ಸೌಂದರ್ಯಾ ಪಿಸುಗುಟ್ಟಿದಳು: “ಇದನ್ನೆಲ್ಲಾ ನನಗ್ಯಾಕ ಹೇಳಿರಲಿಲ್ಲ?”

ನಿನಗ್ಯಾಕೆ ಹೇಳಬೇಕು ಎಂಬ ಮಾತು ರೇಣುಕಾಳ ನಾಲಿಗೆಯ ತುದಿಗೆ ಬಂದಿತ್ತು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ನಾನೂ ಅಪ್ಪನ್ನ ಕೇಳಿರಲಿಲ್ಲ,” ಅಂದಳು.