ರದೀಫ್ ಇಲ್ಲದ ಗುರುವಾರ

"ಪ್ರತಿ ದ್ವಿಪದಿಯ ಕೊನೆಗೂ ಅದೇ 'ನೀನಿಲ್ಲದೆ'. ಈ ಕವಿಗೆ ಬೇರೆ ಪದ ಸಿಗಲಿಲ್ವಾ?"

ಇಸ್ಫಹಾನಿನಲ್ಲಿ ಉಸ್ತಾದ್ ಹೆಶ್ಮತರ ಮನೆಯ ಗುರುವಾರದ ಗಜಲ್ ಗೋಷ್ಠಿಗೆ ಹೊಸದಾಗಿ ಬಂದಿದ್ದ ಔಷಧಿ ಅಂಗಡಿಯ ಇರಜ್ ಹಾಗೆಂದಾಗ ಫರನಾಕ್ ಸರಕ್ಕನೆ ತಲೆಯೆತ್ತಿದಳು.

"ಅದು ರದೀಫ್, ಇರಜ್ ಆಗಾ. ಪ್ರಾಸದ ಬೆನ್ನಿಗೇ ಬರಬೇಕು. ಮೊದಲ ಸಲ ಬಂದಾಗ ದೂರು, ಕೊನೇ ಸಲ ಬಂದಾಗ ಸಂಕಟ. ಔಷಧಿ ಅಂಗಡಿಯವರಿಗೆ ಎಲ್ಲಾ ಒಂದೇ ತರ ಕಾಣುತ್ತೆ ಬಿಡಿ."

ಎಲ್ಲರೂ ನಕ್ಕರು. ಇರಜ್ ಕೂಡ ನಕ್ಕ. ಆ ನಗುವಿಗೆ ಸೋತವಳು ಮಾತ್ರ ಅವಳು...

ಚಳಿ ಇಳಿಯುವ ಹೊತ್ತಿಗೆ ಅವನು ಅದೇ ಛಂದಸ್ಸು, ಅದೇ ಪ್ರಾಸ, ಅದೇ ರದೀಫಿನಲ್ಲಿ ತನ್ನದೊಂದು ಗಜಲ್ ಬರೆದು ತಂದ. ಹಳೆಯ ಕವಿಗೆ ಗೌರವ ತೋರಲು ಹಾಗೆ ಬರೆಯುವುದು ಗಜಲ್‌ಕಾರರಲ್ಲಿ ವಾಡಿಕೆ. ಗಜಲಿನ 'ನೀನು' ಯಾರೆಂದು ಕೇಳುವುದು ಅಸಭ್ಯ. ಫರನಾಕ್ ಕೇಳಲಿಲ್ಲ.

ಉಸ್ತಾದರು ವಿಮರ್ಶೆಯನ್ನು ಅವಳಿಗೇ ಒಪ್ಪಿಸಿದರು. ಅವಳು ಬೆರಳಿನಿಂದ ಲಘು-ಗುರು ತಟ್ಟಿ ನೋಡಿದಳು.

"ಮೂರನೇ ದ್ವಿಪದಿ ಕುಂಟುತ್ತೆ. ಪ್ರಾಸ ಎಳೆದು ತಂದ ಹಾಗಿದೆ. 'ನೀನಿಲ್ಲದೆ' ತೆಗೆದುಬಿಟ್ರೂ ನಷ್ಟ ಇಲ್ಲ."

ಇರಜ್ ಹಾಳೆ ಮಡಚಿದ. "ಸರಿ ಫರನಾಕ್ ಖಾನುಂ, ತೆಗೀತೀನಿ" ಎಂದವನೇ ಎದ್ದು ಹೋದ.

ಉಸ್ತಾದರ ಹೆಂಡತಿ ಮುಲೂಕ್ ಲೋಟ ಎತ್ತುತ್ತಾ ಗೊಣಗಿದಳು. "ನಿನ್ನ ವಿದ್ಯೆಗಿಷ್ಟು ಬೆಂಕಿ ಹಾಕ. ಓದುವಾಗ ಅವನ ಕಣ್ಣು ಯಾರ ಮೇಲಿತ್ತು ಅಂತ ಇಡೀ ಕೋಣೆಗೆ ಗೊತ್ತಿತ್ತು ಕಣೇ."

ಫರನಾಕ್ ಬಾಗಿಲ ಕಡೆ ತಿರುಗಿದಳು. 'ಅಯ್ಯೋ... ಅದು ನಾನಾ?'

ಮುಂದಿನ ಗುರುವಾರ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಅವನ ತಾಯಿ ಕಾಶಾನಿಗೆ ಹೆಣ್ಣು ನೋಡಲು ಹೊರಟಿದ್ದಾಳೆಂದು ಸುದ್ದಿ ಬಂತು. ಗಂಡಿನ ಕಡೆಯವರು ಮನೆಗೆ ಬಂದು ಕೇಳಬೇಕು, ಹೆಣ್ಣು ಅವರಿಗೆ ಚಹಾ ತಂದುಕೊಡಬೇಕು. ಹೆಣ್ಣಾದವಳು ಯಾರ ಬಾಗಿಲಿಗೆ ಹೋಗಿ ಏನೆಂದು ಕೇಳಿಯಾಳು?

ಆದರೂ ಕಾಲುಗಳು ಅವಳನ್ನು ಅವನ ಔಷಧಿ ಅಂಗಡಿಗೆ ಎಳೆದೊಯ್ದವು.

"ಏನು ಕೊಡಲಿ, ಖಾನುಂ?" ಗುರುತೇ ಇಲ್ಲದವನ ದನಿ.

ಹಿಂದೆ ನಿಂತಿದ್ದ ಮುದುಕಿ ಅವಸರಪಡಿಸಿದಳು. "ಬೇಗ ಹೇಳಮ್ಮಾ, ನನ್ನ ಮಂಡಿ ಕಾಯಲ್ಲ."

"ನಿಮ್ಮ ಗಜಲನ್ನ ಆ ಪದ ತೆಗೆದು ಹೇಳ್ಕೊಂಡು ನೋಡಿದೆ. ನಡೆಯುತ್ತೆ." ಫರನಾಕ್ ಮೇಜಿನತ್ತ ಬಾಗಿದಳು. "ನನ್ನ ಗುರುವಾರದಿಂದ ನಿಮ್ಮನ್ನ ತೆಗೆದ್ರೆ... ನಡೆಯಲ್ಲ, ಇರಜ್."

ಅವನು ಮುದುಕಿಯ ಔಷಧಿ ಚೀಟಿಗೆ ಕೈಚಾಚಿದ.

"ನನ್ನ ಮದ್ದು ಆಮೇಲಾಗ್ಲಿ ಕಣಪ್ಪಾ," ಎಂದಳು ಮುದುಕಿ. "ಮೊದಲು ಆ ಹುಡುಗಿಗೆ ಉತ್ತರ ಕೊಡು."

"ಅಮ್ಮನಿಗೆ ಈಗಲೇ ಫೋನ್ ಮಾಡ್ತೀನಿ. ಕಾಶಾನ್ ಬೇಡ ಅಂತೀನಿ." ಇರಜ್ ಫೋನ್ ಕೈಗೆತ್ತಿಕೊಂಡ. "ಆದ್ರೆ ನನ್ನ ಗಜಲ್ ಕೆಟ್ಟದ್ದೇ, ಅಲ್ವಾ?"

"ಹೂಂ. ಕೆಟ್ಟದ್ದೇ."

"ಆದ್ರೂ ಬರ್ಲಾ?"

ಅವಳು ಕಣ್ಣೊರೆಸಿಕೊಂಡಳು. "ಅಮ್ಮನ್ನ ಕರ್ಕೊಂಡು ನಮ್ಮನೆಗೆ ಬಾ. ಚಹಾ ನಾನೇ ತರ್ತೀನಿ."