ಮಗ್ಗದ ಗುಂಡಿಯ ಜೋಮು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಬ್ಬ ಕುರಿಗಾಹಿ ಇದ್ದನಂತೆ. ಬೆಳಿಗ್ಗೆ ಅವನ ಪಾದ ಕಲ್ಲಾಯಿತು, ಮಧ್ಯಾಹ್ನಕ್ಕೆ ಮೊಣಕಾಲು, ಸಂಜೆಗೆ ಸೊಂಟ. ಅವನ ಹುಡುಗಿ ಅಂದಳಂತೆ, "ನಿನ್ನ ಕುರಿಗಳ ಹೆಸರು ಹೇಳ್ತಾ ಇರು. ಹೇಳೋವರೆಗೂ ಕಲ್ಲು ಎದೆಗೆ ಹತ್ತಲ್ಲ."

ಈ ಕಥೆ ಹೇಳುವಾಗ ನಮ್ಮಜ್ಜಿ ಉಚ್ಚಂಗೆಮ್ಮ ನನ್ನ ಕಾಲು ಒತ್ತುತ್ತಿದ್ದಳು. ನಾನು ಫಿಸಿಯೋಥೆರಪಿ ಓದಿದ್ದು ಅದಕ್ಕೇ ಇರಬೇಕು.

ಅಜ್ಜಿ ನನ್ನ ಮದುವೆಗೆಂದು, ಕುರಿ ಸಾಕಿ ಕಂಬಳಿ ನೇಯುವ ಶ್ರೀರಾಂಪುರದ ಪ್ರಭುಲಿಂಗನಿಗೆ ಒಂದು ಕಂಬಳಿ ಹೇಳಿದ್ದಳು. ನಮ್ಮಲ್ಲಿ ಮದುವೆಯ ಹೆಣ್ಣು ಗಂಡು ಕೂರುವುದು ಹೊಸ ಕಂಬಳಿಯ ಮೇಲೆ.

"ಗಂಡು ಯಾರಜ್ಜಿ?" ಅವನು ಕೇಳಿದ್ದು ಅಜ್ಜಿಯನ್ನು, ನೋಡಿದ್ದು ನನ್ನನ್ನು.

"ಮೊದ್ಲು ಕಂಬಳಿ ಆಗ್ಲಿ. ಗಂಡು ಆಮೇಲೆ."

"ಹಂಗಾದ್ರೆ ನಾನೇ ನೇಯ್ದು, ನಾನೇ ತಂದು ಹಾಸ್ತೀನಿ. ಬ್ಯಾರೆಯೋರ ಕೈ ಸೋಕಲ್ಲ."

ಒಂದು ಭಾನುವಾರ ಹೊಸದುರ್ಗದಿಂದ ಬಸ್ಸು ಹತ್ತಿ ಕಂಬಳಿ ನೋಡಲು ಹೋದೆ. ನೋಡಬೇಕಾಗಿದ್ದು ಕಂಬಳಿಯನ್ನಲ್ಲ ಅನ್ನುವುದು ಬೇರೆ ಮಾತು.

ಅವನು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಿದ್ದ. ಕಂಬಳಿ ಅರ್ಧಕ್ಕೇ ನಿಂತಿತ್ತು. ನನ್ನನ್ನು ನೋಡಿಯೂ ಎದ್ದೇಳಲಿಲ್ಲ. ಲಾಳಿಯನ್ನೇ ನೋಡುತ್ತಾ, "ಬರ್ರಿ ಮೇಡಂ," ಅಂದ.

"ಬಂದೋರಿಗೆ ಎದ್ದು ಒಂದು ಲೋಟ ನೀರು ಕೊಡೋ ಪದ್ಧತಿ ಇಲ್ವಾ ನಿಮ್ಮಲ್ಲಿ?"

"ಕಾಲು ಜೋಮು ಹಿಡಿದೈತೆ."

ನನಗೆ ಕೋಪ ಬಂತು. ಇಷ್ಟು ದೂರ ಬಂದಿದ್ದಕ್ಕೆ ಇವನ ಕಾಲಿಗೆ ಜೋಮು.

ಅವರವ್ವ ನೀರು ತಂದು ನಕ್ಕಳು. "ಗುಂಡಿ ಒಳಗೆ ಕಾಲು ಬಿಟ್ಕಂಡು ಕುಂತೋರಿಗೆ ಜೋಮು ಇರೋದೇ ಕಣವ್ವ. ಇವರಪ್ಪನಿಗೂ ಹಿಂಗೇ. ರಾತ್ರಿ ಎಣ್ಣೆ ಬಿಸಿ ಮಾಡಿ ಹಚ್ಚಿದ್ರೆ ಆಯ್ತು."

"ಯಾವಾಗಿಂದ?" ಅಂತ ಕೇಳಿದೆ.

"ನಿನ್ನೆ ಪಾದದಾಗಿತ್ತು. ಇವತ್ತು ತೊಡೆಗೆ ಬಂದೈತೆ," ಅಂದ ಅವನು.

ಕೋಪ ಅಲ್ಲೇ ನಿಂತಿತು. ಕೂತು ಹಿಡಿದ ಜೋಮು ಎದ್ದು ಓಡಾಡಿದರೆ ಬಿಡುತ್ತದೆ. ಮೇಲೆ ಹತ್ತುವುದಿಲ್ಲ. ನಾನು ಗುಂಡಿಯ ಅಂಚಿಗೆ ಕೂತು, ಜೋತುಬಿದ್ದ ಅವನ ಮೊಣಕಾಲ ಚಿಪ್ಪಿನ ಕೆಳಗೆ ಅಂಗೈ ಅಂಚಿನಿಂದ ತಟ್ಟಿದೆ. ತಾನಾಗಿ ಜಿಗಿಯಬೇಕಾದ ಕಾಲು ಜಿಗಿಯಲಿಲ್ಲ. ಇನ್ನೊಂದೂ ಜಿಗಿಯಲಿಲ್ಲ.

"ಹೊಡೀತಿದೀರಲ್ಲ ಮೇಡಂ, ಕಂಬಳಿ ತಡ ಆಯ್ತು ಅಂತಾನಾ?"

"ಈಚೆಗೆ ಹೊಟ್ಟೆ ಕೆಟ್ಟಿತ್ತಾ?"

"ಮಾರಿಕಣಿವೆ ಕಡೆ ಕುರಿ ಹೊಡ್ಕಂಡು ಹೋದಾಗ ಭೇದಿ ಆಗಿತ್ತು. ಎರಡು ವಾರ ಆಯ್ತು. ಅದಕ್ಕೂ ಕಾಲಿಗೂ ಏನು?"

"ಕಾರಲ್ಲಿ ಹೇಳ್ತೀನಿ," ಅಂದು ಪಕ್ಕದ ಮನೆಯವರ ಕಾರು ಕರೆಸಿದೆ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಅನುಪಮಾ ಸುತ್ತಿಗೆಯಿಂದ ಕಾಲು, ಕೈ ಎಲ್ಲ ತಟ್ಟಿ ನೋಡಿದರು. ನರಗಳಿಗೆ ಸಣ್ಣ ಕರೆಂಟು ಕೊಟ್ಟು ಅದು ಎಷ್ಟು ಬೇಗ ಓಡುತ್ತದೆ ಅಂತ ಅಳೆದರು. ಬೆನ್ನಿನ ನೀರು ತೆಗೆದರು.

"ಜಿಬಿಎಸ್, ನರದ ಕಾಯಿಲೆ," ಅಂದರು. "ಬೆನ್ನಿನ ನೀರಿನಲ್ಲಿ ಮೊದಲ ವಾರ ಏನೂ ಕಾಣದೇ ಇರಬಹುದು. ಅದಕ್ಕೆ ಕಾಯೋದು ಬೇಡ, ಔಷಧಿ ಶುರು ಮಾಡೋಣ."

ಅವರವ್ವನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ: "ಅವ್ವ, ತೋಳ ಬಂತು ಅಂತ ನಾಯಿ ಎದ್ದಿದೆ. ತೋಳ ಓಡಿಹೋಯ್ತು. ನಾಯಿ ಸಿಟ್ಟಿನಲ್ಲಿ ನಮ್ಮ ಕುರಿಯನ್ನೇ ಕಚ್ಚುತ್ತಿದೆ. ಹೊಟ್ಟೆಯ ಕ್ರಿಮಿಗೆ ಎದ್ದ ಮೈಯ ಕಾವಲು ಈಗ ನರದ ಮೇಲಿನ ಹೊದಿಕೆ ಕೀಳ್ತಾ ಇದೆ."

"ಆ ನಾಯಿನ ಹಿಡಿಯೋದು ಹೆಂಗವ್ವ?"

"ಅದಕ್ಕೇ ಕೈಗೆ ಆ ಔಷಧಿ ಬಾಟಲಿ ಹಾಕಿರೋದು. ಆದ್ರೆ ಉಸಿರಿನ ನರಕ್ಕೆ ಬಾರದಂಗೆ ನೋಡ್ಕೋಬೇಕು."

ಭಯ ಇದ್ದದ್ದು ಅಲ್ಲೇ. ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾನೆ ಅಂತ ನರ್ಸು ಆಗಾಗ ಬಂದು ಕೇಳುತ್ತಿದ್ದಳು. ಎಣಿಸಲು ಅವನಿಗೆ ಬೇಸರ.

"ಕುರಿಗಳ ಹೆಸರು ಹೇಳಿ," ಅಂದೆ.

"ಕರಿಕಿವಿ, ಬೆಳ್ಳಿ, ಚುಕ್ಕಿ, ಕುಂಟಿ, ಗಂಗಿ, ಸೋಮಿ..." ಮೊದಲ ದಿನ ಇಡೀ ಮಂದೆ ಬಂತು. ಮರುದಿನ ಗಂಗಿಯ ಹೆಸರಿಗೇ ಉಸಿರು ಮುಗಿಯಿತು. ಅದರ ಮರುದಿನ ಚುಕ್ಕಿಗೇ. ಡಾಕ್ಟರ್ ವೆಂಟಿಲೇಟರ್ ತಂದು ಪಕ್ಕದಲ್ಲಿ ನಿಲ್ಲಿಸಿದರು. ಅವನ ಮುಖವೂ ಸೋತಿತ್ತು. ತುಟಿ ಅಲುಗದು, ಕಣ್ಣು ಪೂರಾ ಮುಚ್ಚದು.

"ನಗ್ತಾ ಇದೀನಿ, ಕಾಣ್ತಿಲ್ವಾ?" ಅಂದ ತೊದಲುತ್ತಾ.

"ಕಾಣ್ತಿದೆ," ಅಂದೆ. ಮುಖದಲ್ಲಿ ಏನೂ ಇರಲಿಲ್ಲ. ಕಣ್ಣಲ್ಲಿತ್ತು.

ಮುಂದಿನ ಎರಡು ದಿನ ಎಣಿಕೆ ಚುಕ್ಕಿಯಲ್ಲೇ ನಿಂತಿತು. ಕೆಳಗೆ ಇಳಿಯಲಿಲ್ಲ. ಮೂರನೆಯ ದಿನ ಕುಂಟಿ ಬಂದಳು, ಆಮೇಲೆ ಗಂಗಿ. ವೆಂಟಿಲೇಟರನ್ನು ಹಾಗೇ ವಾಪಸ್ಸು ತಳ್ಳಿಕೊಂಡು ಹೋದರು. ಮುಂದಿನ ವಾರ ಇಡೀ ಮಂದೆಯನ್ನು ಒಂದೇ ಉಸಿರಿಗೆ ಹೇಳಿ, ಉಳಿದ ಉಸಿರಿನಲ್ಲಿ, "ಮಮತಾ," ಅಂದ.

"ನಾನೇನು ಕುರಿನಾ?"

"ಮಂದೆ ಅಂದ್ಮೇಲೆ ಮನೆಯೋರೂ ಬರ್ತಾರೆ."

ನರ್ಸು ತಿರುಗಿ ಕಿಟಕಿ ನೋಡಿದಳು.

ಮುಖ ಬಂತು, ಕೈ ಬಂತು, ಕಾಲು ಎಲ್ಲಕ್ಕಿಂತ ನಿಧಾನ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದೆ, ಬೈದೆ. ಅವನ ಅಣ್ಣ ಕಂಬಳಿಯ ಉಳಿದರ್ಧ ನೇಯಲು ಬಂದಾಗ ಅವನು ಬಿಡಲಿಲ್ಲ. "ಬ್ಯಾರೆಯೋರ ಕೈ ಸೋಕಲ್ಲ ಅಂದಿದೀನಿ. ಧೂಳು ಕುಂತ್ರೆ ಕುಂತ್ಕಳ್ಳಿ."

ಮತ್ತೆ ಗುಂಡಿಗೆ ಕಾಲು ಇಳಿಬಿಟ್ಟ ದಿನ ನಾನು ಚಿಪ್ಪಿನ ಕೆಳಗೆ ತಟ್ಟಿದೆ. ಕಾಲು ಸಣ್ಣಗೆ ಅಲುಗಿತು. ದಿನಕ್ಕೆ ನಾಲ್ಕು ಬೆರಳು ನೇಯ್ದ, ಆಮೇಲೆ ಗೇಣು. ಕಂಬಳಿಯ ನಡುವೆ ಒಂದು ಕಡೆ ನೇಯ್ಗೆ ಸಡಿಲ. ಕಾಲಿಗೆ ತುಳಿಯಲು ಬಲ ಸಾಲದೆ ಇದ್ದ ದಿನಗಳು ಅವು. ಬಿಚ್ಚಿ ಮತ್ತೆ ನೇಯುತ್ತೀನಿ ಅಂದ. ನಾನು ಬೇಡ ಅಂದೆ.

ಕೊನೆಗೆ ಒಂದು ಬೆಳಿಗ್ಗೆ ಹೊಸದುರ್ಗದಲ್ಲಿ ಬಸ್ಸಿಳಿದು, ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ಕೋಲಿಲ್ಲದೆ ನಮ್ಮ ಮನೆಗೆ ನಡೆದು ಬಂದ. ಕಂಬಳಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ನಡುಮನೆ ತುಂಬಿತು. ಬಗ್ಗಿ, ಸುಕ್ಕಿಲ್ಲದಂತೆ ತಾನೇ ಹಾಸಿದ.

ಅಜ್ಜಿ ಸಡಿಲವಾದ ಜಾಗದ ಮೇಲೆ ಕೈಯಾಡಿಸಿದಳು. "ನಿಂತೇ ಇದೀಯಲ್ಲೋ. ಕುಂತ್ಕೋ," ಅಂದಳು.

"ಗಂಡು ಯಾರಜ್ಜಿ?"

"ಕುಂತ್ಕೋ ಅಂದ್ನಲ್ಲ."

ಅವನು ಅರ್ಧ ಕಂಬಳಿ ಖಾಲಿ ಬಿಟ್ಟು ಕೂತ. ಆ ಕಡೆ ಹೋಗಿ ನಾನು ಕೂತೆ.